ತೂಕ ನೋಡಿ ಕೊಂಡ ಬ್ಯಾಟು

ಹೋದ ತಿಂಗಳು ನನ್ನ ಮೊಮ್ಮಗ ಹೊಸ ಬ್ಯಾಟು ತಂದ. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವನು ವರಾಂಡದಲ್ಲಿ ಪೇಪರ್ ಹಾಸಿಕೊಂಡು, ಹಳೇ ಬನಿಯನ್ ಚೂರಿನಲ್ಲಿ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದ. ಬಾಣಸವಾಡಿಯ ಈ ಮೂರನೇ ಮಹಡಿಗೆ ಏನೇನೋ ವಾಸನೆ ಬರುತ್ತೆ, ಪಕ್ಕದ ಬೇಕರಿಯದ್ದು, ಕೆಳಗಿನ ಮೋರಿಯದ್ದು, ಯಾವುದಕ್ಕೂ ನಾನು ತಲೆ ಎತ್ತೋಳಲ್ಲ. ಆದರೆ ಅಗಸೆ ಎಣ್ಣೆಯ ವಾಸನೆ ಬಂತು ನೋಡಿ, ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಕಿಟಕಿಗೆ ಹೊಸದಾಗಿ ಬಣ್ಣ ಬಳಿದಾಗ ಬರುತ್ತಲ್ಲ, ಅಂಥದ್ದು. ಎದ್ದು ಹೋಗಿ, ಕೊಡೋ ಇಲ್ಲಿ ಅಂತ ಬ್ಯಾಟು ಇಸಕೊಂಡೆ. ಎಂಬತ್ತು ದಾಟಿದ ಕೈ ನನ್ನದು, ಆದರೂ ಅದು ಸೌಟು ಎತ್ತಿದ ಹಾಗೆ ಎದ್ದು ಬಂತು. ಇಷ್ಟು ಹಗುರವಾ ಅಂತ ಕೇಳಿದೆ. ಹಗುರ ಇದ್ದಷ್ಟೂ ರೇಟು ಜಾಸ್ತಿ ಅಜ್ಜಿ, ಅಂದ. ಇದೇ ಮಾತನ್ನು ನಾನು ಹತ್ತು ವರ್ಷದವಳಿದ್ದಾಗ ಒಬ್ಬರು ನನಗೆ ಹೇಳಿದ್ದರು. ಹೇಳಿದವರನ್ನು ಮೋಸಗಾರ ಅಂದುಕೊಂಡಿದ್ದೆ. ಬ್ಯಾಟನ್ನು ಮೊಮ್ಮಗನ ಕೈಗೆ ಕೊಟ್ಟು, ಬಚ್ಚಲಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಸುಮಾರು ಹೊತ್ತು ನಿಂತಿದ್ದೆ.

ನಮ್ಮದು ಹಲಸೂರಲ್ಲಿ ಸೌದೆ ಡಿಪೋ. ಕೆರೆ ಕಡೆಯಿಂದ ಬರುವ ರಸ್ತೆಗೆ ಬೆನ್ನು ಹಾಕಿ ಎರಡು ಹೆಂಚಿನ ಕೋಣೆ, ಮುಂದೆ ದೊಡ್ಡ ಅಂಗಳ, ಅಂಗಳದ ತುಂಬ ಆಳೆತ್ತರಕ್ಕೆ ಪೇರಿಸಿದ ಸೌದೆ. ನಡುವೆ ತುದಿ ಸೇರಿಸಿ ನಿಲ್ಲಿಸಿದ ಮೂರು ಮರದ ಕಂಬಕ್ಕೆ ಸರಪಳಿ ಕಟ್ಟಿ ನೇತುಹಾಕಿದ ತಕ್ಕಡಿ, ಅದರ ತಟ್ಟೆಯ ಮೇಲೆ ದೊಡ್ಡವರೊಬ್ಬರು ಕಾಲು ಮಡಚಿ ಕೂರಬಹುದಿತ್ತು. ನಾನು ಹುಟ್ಟಿದ್ದು, ನಡೆದಾಡಿದ್ದು, ಅತ್ತಿದ್ದು ಎಲ್ಲಾ ಆ ಅಂಗಳದಲ್ಲೇ. ಬೆಳಗಿನ ಜಾವಕ್ಕೆ ಹೊಸಕೋಟೆ ಕಡೆಯಿಂದ ಎತ್ತಿನ ಗಾಡಿಗಳು ಬರೋವು. ಸರ್ವೆ, ಹೊಂಗೆ, ಹುಣಸೆ, ಜಾಲಿ, ಒಂದೊಂದು ಮರಕ್ಕೂ ಒಂದೊಂದು ವಾಸನೆ. ಕಣ್ಣು ಮುಚ್ಚಿ ಹೇಳುತ್ತಿದ್ದೆ ನಾನು. ಯುದ್ಧದ ಕಾಲ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಎಲ್ಲಿ ನೋಡಿದರೂ ಸೋಲ್ಜರುಗಳು, ಅವರ ಅಡುಗೆ ಕೊಟ್ಟಿಗೆಗಳಿಗೆ ಎಷ್ಟು ಸೌದೆ ಹೋದರೂ ಸಾಲದು. ಸಾಯಂಕಾಲ ಆದರೆ ನನಗೊಂದು ಕೆಲಸ ಇತ್ತು, ಅದನ್ನು ಈಗ ಹೇಳಿಬಿಡ್ತೀನಿ, ನಾಚಿಕೆ ಏನು ಬಂತು. ಬಿಂದಿಗೆಯಲ್ಲಿ ನೀರು ತಂದು ಮಾರೋ ಸೌದೆಯ ಮೇಲೆ ಚಿಮುಕಿಸಬೇಕು. ನೆಂದ ಸೌದೆ ತೂಗುತ್ತೆ. ಕೊಳ್ಳೋರು ಕೇಳಿದರೆ ಇಬ್ಬನಿ ಬಿತ್ತು ಸಾಮಿ ಅನ್ನಬೇಕು. ಭಾರ ಇದ್ದರೆ ಬೆಲೆ, ಹಗುರ ಅಂದರೆ ಹುಳ ತಿಂದದ್ದು, ಇಷ್ಟೇ ನಾನು ಕಲಿತ ವಿದ್ಯೆ. ಅದರಲ್ಲಿ ಅಪ್ಪನಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಇತ್ತು.

ಅಪ್ಪ ಹೊಡೆಯುತ್ತಿದ್ದ. ಹೊಡೆಯುತ್ತಿದ್ದ ಅಂದರೆ ಈಗಿನವರು ಕಿವಿ ಹಿಂಡಿದ್ದು, ಕೆನ್ನೆಗೆ ಒಂದು ಬಿಟ್ಟಿದ್ದು ಅಂದುಕೊಳ್ಳುತ್ತಾರೆ. ಸೌದೆ ಡಿಪೋದವನಿಗೆ ಕೋಲು ಹುಡುಕಬೇಕಾ, ಹೇಳಿ? ಕೈ ಚಾಚಿದ ಕಡೆ ಕೋಲು. ಯಾವ ಮರದ ಏಟು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತಿತ್ತು. ಹುಣಸೆ ಬರಲು ಚರ್ಮ ಸೀಳುತ್ತೆ, ಆದರೆ ಮೂರು ದಿನಕ್ಕೆ ಮಾಯುತ್ತೆ. ಸರ್ವೆ ಚರ್ಮಕ್ಕೆ ಏನೂ ಮಾಡಲ್ಲ, ಒಳಗೆ ಹೋಗಿ ಕೂರುತ್ತೆ, ಹದಿನೈದು ದಿನ ಮಗ್ಗುಲು ಬದಲಾಯಿಸೋಕೆ ಆಗಲ್ಲ. ಹೊಂಗೆ ಆದರೆ ಪುಣ್ಯ, ಎರಡನೇ ಏಟಿಗೆ ಅದೇ ಮುರಿಯುತ್ತೆ. ಅಪ್ಪ ಕುಡಿಯುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ ಆಗಿತ್ತು. ಕುಡುಕ ಆಗಿದ್ದರೆ ಬೆಳಗಾದ ಮೇಲೆ ಇಳಿಯುತ್ತಿತ್ತು, ಇವನಿಗೆ ಇಳಿಯುವುದಕ್ಕೆ ಏರಿರಬೇಕಲ್ಲ. ಸಾರಿಗೆ ಉಪ್ಪು ಕಡಿಮೆ ಆಯಿತು, ಗಾಡಿಯವನು ತಡ ಮಾಡಿದ, ದಂಡಿನ ಕಂಟ್ರಾಕ್ಟರು ಬೈದ, ಎಲ್ಲದಕ್ಕೂ ಅಮ್ಮನ ಬೆನ್ನು, ಇಲ್ಲಾಂದ್ರೆ ನಂಜುಂಡಣ್ಣನ ಬೆನ್ನು. ನನಗೆ ಕಡಿಮೆ. ನಾನು ಕಚ್ಚುತ್ತಿದ್ದೆ. ಅಣ್ಣನಿಗೆ ಹದಿನಾಲ್ಕು ಇದ್ದಾಗ ಒಂದು ಸಲ ಅಮ್ಮನಿಗೆ ಬೀಳೋ ಏಟಿಗೆ ಎಡಗೈ ಅಡ್ಡ ಕೊಟ್ಟ, ಮಣಿಕಟ್ಟು ಮುರಿಯಿತು. ಮೂಳೆ ಕಟ್ಟೋರು ಬಂದು ಮೊಟ್ಟೆ, ಬಿದಿರು ದಬ್ಬೆ ಹಾಕಿ ಕಟ್ಟಿ ಹೋದರು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಯಾರು ಕೇಳಿದರೂ ಗಾಡಿಯಿಂದ ಬಿದ್ದ ಅನ್ನಬೇಕು ಅಂತ ಅಮ್ಮ ನಮಗೆ ಹೇಳಿಕೊಟ್ಟಿದ್ದಳು.

ಇಷ್ಟು ಬರೆದ ಮೇಲೆ ಇದನ್ನೂ ಬರೆಯದಿದ್ದರೆ ನನ್ನ ಅಪ್ಪನಿಗೆ ಮೋಸ ಮಾಡಿದ ಹಾಗೆ. ಒಂದೊಂದು ಸಲ ಪೊಟರೆ ಬಿದ್ದ ದಿಮ್ಮಿ ಸೀಳುವಾಗ ಒಳಗೆ ಜೇನು ಸಿಗುತ್ತಿತ್ತು. ಆಗ ಅಪ್ಪ ಕೊಡಲಿ ಎಸೆದು, ಜಯಾ, ನಂಜಾ ಅಂತ ಕೂಗುತ್ತಿದ್ದ. ನಾವು ಓಡಿ ಹೋದರೆ ತೊಗಟೆ ಅಂಟಿದ ಆ ದಪ್ಪ ಬೆರಳನ್ನು ಜೇನಿನಲ್ಲಿ ಅದ್ದಿ, ಮೊದಲು ನನ್ನ ಬಾಯಿಗೆ, ಆಮೇಲೆ ಅಣ್ಣನ ಬಾಯಿಗೆ ಇಡುತ್ತಿದ್ದ. ತಾನು ಮುಟ್ಟುತ್ತಿರಲಿಲ್ಲ. ಮರದ ರಸ, ಬೆವರು, ಜೇನು ಎಲ್ಲಾ ಸೇರಿದ ರುಚಿ ಅದು. ಆಮೇಲೆ ಯಾವ ಸೀಸೆಯ ಜೇನೂ ನನಗೆ ಹಿಡಿಸಲಿಲ್ಲ. ಹೊಡೆದ ಕೈಯೂ ಅದೇ, ತಿನ್ನಿಸಿದ ಕೈಯೂ ಅದೇ, ನಾನು ಏನು ಮಾಡಲಿ.

ನಂಜುಂಡಣ್ಣ ಆಟಕ್ಕೆ ಹೋಗಲು ಶುರು ಮಾಡಿದ್ದೇ ಮನೆಯಿಂದ ಹೊರಗಿರೋದಕ್ಕೆ. ಈಗ ಇಂದಿರಾನಗರ ಅಂತಾರಲ್ಲ, ಆಗ ಅಲ್ಲೆಲ್ಲಾ ರಾಗಿ ಹೊಲ. ಕುಯ್ಲು ಆದಮೇಲೆ ಕೂಳೆ ಕಿತ್ತು ಹಲಸೂರಿನ ಹುಡುಗರು ಕ್ರಿಕೆಟ್ ಆಡೋರು. ತೆಂಗಿನ ಮಟ್ಟೆಯಲ್ಲಿ ಕಡೆದ ಬ್ಯಾಟಿನಲ್ಲೇ ಅಣ್ಣ ಚೆಂಡನ್ನು ಕೆರೆ ಏರಿಗೆ ಕಳಿಸುತ್ತಿದ್ದ. ಬಲ ಅಲ್ಲ ಅವನದು. ಸೊಟ್ಟ ಕೈಯಲ್ಲಿ ಬಲ ಎಲ್ಲಿಂದ ಬರಬೇಕು? ಕೊನೇ ಗಳಿಗೆಯಲ್ಲಿ ಏನೋ ಒಂದು ಸಣ್ಣ ತಿರುವು ಕೊಡುತ್ತಿದ್ದ, ಅಷ್ಟೇ. ಆ ವರ್ಷ ಊರಾಚೆ ಹೊಸದಾಗಿ ಬಂದಿದ್ದ ಒಂದು ಕಾರ್ಖಾನೆಯಲ್ಲಿ ಆಟದ ಹುಚ್ಚಿನ ದೊರೆಯೊಬ್ಬ ಇದ್ದ. ಚೆನ್ನಾಗಿ ಆಡೋ ಹುಡುಗರನ್ನು ಕರೆಸಿ, ಆಡಿಸಿ ನೋಡಿ, ಟೀಮಿಗೆ ಸೇರಿದವರಿಗೆ ಕೆಲಸ, ಇರೋಕೆ ಕೋಣೆ ಎರಡೂ ಕೊಡುತ್ತಾನೆ ಅಂತ ಸುದ್ದಿ. ಅಣ್ಣನಿಗೂ ಕರೆ ಬಂತು. ಬರುವವರು ಅವರವರ ಬ್ಯಾಟು ಅವರೇ ತರಬೇಕು, ಮಟ್ಟೆ ತಂದರೆ ಒಳಗೆ ಬಿಡಲ್ಲ. ಅಣ್ಣ ಅದನ್ನು ಅಮ್ಮನಿಗೆ ಹೇಳುವಾಗ ನಾನೂ ಅಲ್ಲೇ ಇದ್ದೆ. ಕೋಣೆ ಸಿಕ್ಕಿದರೆ ನಿನ್ನನ್ನೂ ಜಯನನ್ನೂ ಕರಕೊಂಡು ಹೋಗ್ತೀನಿ ಅಂದ. ಸೌದೆ ಒಡೆದಾಗ ಉದುರೋ ಚಕ್ಕೆ, ತೊಗಟೆ ಡಿಪೋ ಹೆಂಗಸಿನ ಪಾಲು, ಅದನ್ನು ಮಂಕರಿ ಲೆಕ್ಕದಲ್ಲಿ ಮಾರಿ ಬಂದದ್ದನ್ನು ಗಂಡಸು ಕೇಳೋ ಹಾಗಿಲ್ಲ. ಆ ದುಡ್ಡು ಅಕ್ಕಿ ಡಬ್ಬದ ತಳದಲ್ಲಿತ್ತು. ಮೂರನೇ ದಿನ ಹನ್ನೆರಡು ರೂಪಾಯಿ ತೆಗೆದು ನನ್ನ ಲಂಗದ ತುದಿಗೆ ಗಂಟು ಹಾಕಿದಳು. ಅಣ್ಣನ ಜೇಬನ್ನು ಅಪ್ಪ ತಡಕುತ್ತಿದ್ದ, ನನ್ನ ಗಂಟನ್ನು ಮುಟ್ಟುತ್ತಿರಲಿಲ್ಲ. ಅಷ್ಟು ದುಡ್ಡು ಮತ್ತೆ ಕೂಡೋಕೆ ಇನ್ನೊಂದು ವರ್ಷ ಬೇಕು, ನೋಡಿಕೊಂಡು ತನ್ನಿ ಅಂದಳು.

ಈಗಿನ ಶಿವಾಜಿನಗರವನ್ನು ಆಗ ಎಲ್ಲರೂ ಬ್ಲ್ಯಾಕ್‌ಪಲ್ಲಿ ಅನ್ನೋರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬರು ಸಾಬರು, ದಪ್ಪ ಕನ್ನಡಕ, ಗೋರಂಟಿ ಹಚ್ಚಿದ ಗಡ್ಡ, ಸೋಲ್ಜರುಗಳ ಆಟದ ಸಾಮಾನು ರಿಪೇರಿ ಮಾಡಿ ಮಾರೋರು. ಗಲ್ಲಿಯ ಬಾಯಲ್ಲಿ ಅವತ್ತು ಇಬ್ಬರು ಸೋಲ್ಜರುಗಳು ಒಬ್ಬ ಜಟಕಾದವನನ್ನು ಕೆಳಗೆ ಕೆಡವಿ ಬೂಟು ಕಾಲಲ್ಲಿ ಒದೆಯುತ್ತಿದ್ದರು. ಕುದುರೆ ಬೆದರಿ ಹಿಂಗಾಲಲ್ಲಿ ನಿಂತಿತ್ತು, ಜನ ಸುತ್ತ ನಿಂತು ನೋಡುತ್ತಿದ್ದರು. ನಮಗೆ ಅದೇನು ಹೊಸದಲ್ಲ, ಗೋಡೆ ಪಕ್ಕ ಸರಿದು ಒಳಗೆ ಹೋದೆವು. ಅಂಗಡಿ ಒಳಗೆ ಆ ವಾಸನೆ, ಅಗಸೆ ಎಣ್ಣೆಯದ್ದು. ನಾನು ಮೊದಲ ಸಲ ಮೂಸಿದ್ದು ಅಲ್ಲಿ. ನಮ್ಮ ಅಂಗಳದಲ್ಲಿ ಅಷ್ಟು ಮರ ಇದ್ದರೂ ಯಾವ ಮರಕ್ಕೂ ಯಾರೂ ಎಣ್ಣೆ ಹಚ್ಚಿದ್ದು ನಾನು ಕಂಡಿರಲಿಲ್ಲ. ಮರಕ್ಕೆ ಇಷ್ಟು ಉಪಚಾರ ಮಾಡೋರೂ ಇದ್ದಾರಾ ಅನ್ನಿಸಿತು.

ನಮ್ಮ ದುಡ್ಡಿಗೆ ಎರಡು ಬ್ಯಾಟು ಸಿಗುತ್ತಿದ್ದವು, ಎರಡರಲ್ಲಿ ಒಂದು. ಒಂದು ಹಳೇದು, ಯಾರೋ ದೊರೆ ಊರಿಗೆ ಹೋಗುವಾಗ ಮಾರಿದ್ದು, ಬಣ್ಣ ಕಂದಿ, ಕೆಳಗೆ ತುದಿಯಲ್ಲಿ ದಾರ ಸುತ್ತಿತ್ತು. ಇನ್ನೊಂದು ಹೊಚ್ಚ ಹೊಸದು, ಹಾಲಿನಂಥ ಬಿಳುಪು, ಮೇಲೆ ಕೆಂಪು ಕಾಗದದ ಚೀಟಿ. ಅಣ್ಣ ಹಳೇದನ್ನು ಕೈಗೆ ತಗೊಂಡು ಸುಮ್ಮನೆ ಒಂದು ಸಲ ಗಾಳಿಯಲ್ಲಿ ಆಡಿಸಿದ. ಅವನ ಮುಖ ಬದಲಾಯಿತು. ಹೊಡೆಸಿಕೊಳ್ಳದ ದಿನ ಬೆಳಗ್ಗೆ ಹೇಗಿರುತ್ತಿದ್ದನೋ ಹಾಗಾಯಿತು. ಆದರೆ ಅವನು ನನ್ನ ಕಡೆ ತಿರುಗಿ, ಸೌದೆ ವಿಷ್ಯ ನಿಂಗೇ ಗೊತ್ತು ಕಣೆ, ನೀನೂ ನೋಡು ಅಂತ ನನ್ನ ಕೈಗೆ ಕೊಟ್ಟ. ಕೊಡಬಾರದಿತ್ತು. ನಾನು ಎರಡನ್ನೂ ಕೆನ್ನೆಗೆ ಒತ್ತಿ ನೋಡಿದೆ. ನೀರು ಕುಡಿದ ಮರ ಕೆನ್ನೆಗೆ ತಣ್ಣಗೆ ತಾಗುತ್ತೆ. ಎರಡೂ ಒಣಗಿದ್ದವು. ಎತ್ತಿ ನೋಡಿದೆ. ಹೊಸದು ಭಾರ. ಅಷ್ಟಕ್ಕೇ ಬಿಡದೆ ಪಕ್ಕದ ಈರುಳ್ಳಿ ಅಂಗಡಿಯ ತಕ್ಕಡಿಗೆ ಹೊತ್ತುಕೊಂಡು ಹೋಗಿ ತೂಗಿಸಿದೆ. ಈರುಳ್ಳಿಯವನು ಬಿದ್ದು ಬಿದ್ದು ನಕ್ಕ. ಮುಕ್ಕಾಲು ರಾತಲು ವ್ಯತ್ಯಾಸ, ಈಗಿನ ಲೆಕ್ಕದಲ್ಲಿ ಮುನ್ನೂರು ಗ್ರಾಂ ಮೇಲೆ. ನೀರಿಲ್ಲದೆ, ಮೋಸ ಇಲ್ಲದೆ, ಒಣಗಿದ ಮರ ಮುಕ್ಕಾಲು ರಾತಲು ಜಾಸ್ತಿ, ಅದೇ ಬೆಲೆಗೆ. ನನ್ನ ಎದೆ ಉಬ್ಬಿತು.

ಸಾಬರು ನಗಲಿಲ್ಲ. "ಬೇಟಿ, ಬ್ಯಾಟ್ ಏನು ಸೌದೆನಾ ತೂಕಕ್ಕೆ ತಗೊಳ್ಳೋಕೆ?" ಅಂದರು. "ಹಗುರ ಇರೋದೇ ಇದರ ಬೆಲೆ. ಹಳೇದು ತಗೋ." ನೋಡಿದಿರಾ, ಹಗುರದ್ದನ್ನು ಹೊಗಳುತ್ತಿದ್ದಾರೆ. ಹುಳ ತಿಂದ ಸೌದೆಯನ್ನು ಸಾಗಹಾಕಬೇಕಾದಾಗ ಅಪ್ಪನೂ ಹೀಗೇ ಹೊಗಳುತ್ತಿದ್ದ, ಒಣಗಿ ಒಣಗಿ ಹಗುರಾಗಿದೆ ಸಾಮಿ, ಬೆಂಕಿ ತೋರಿಸಿದರೆ ಸಾಕು ಅಂತ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ನನ್ನ ಹತ್ತಿರ ನಡೆಯುತ್ತಾ? ಆಮೇಲೆ ಸಾಬರು ಅಣ್ಣನ ಎಡಗೈಯನ್ನು ತಮ್ಮ ಕೈಗೆ ತಗೊಂಡರು. ಅಂಗಿ ತೋಳು ಸ್ವಲ್ಪ ಮೇಲೆ ಸರಿಸಿ, ಆ ಸೊಟ್ಟ ಮಣಿಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ಮೂಳೆ ಒಡೆದಿದೆ, ಈ ಕೈಗೆ ಭಾರದ ಬ್ಯಾಟ್ ಆಗಲ್ಲ, ಯಾರು ಹೊಡೆದಿದ್ದು ಅಂತ ಮೆಲ್ಲಗೆ ಕೇಳಿದರು. ಬಿದ್ದಿದ್ದಾ ಅಂತ ಕೇಳಲಿಲ್ಲ, ಯಾರು ಹೊಡೆದಿದ್ದು ಅಂತಲೇ ಕೇಳಿದರು. ಅಣ್ಣ ತಲೆ ತಗ್ಗಿಸಿದ. ನನ್ನ ಕಿವಿ ಕಾದುಹೋಯಿತು. ನಮ್ಮ ಮನೆಯ ಮಾನ ಬೀದಿಗೆ ಬಿತ್ತು ಅಂತ ಅನ್ನಿಸಿ, "ನಮ್ಮಣ್ಣನ ಕೈಗೆ ಏನೂ ಆಗಿಲ್ಲ!" ಅಂತ ಕಿರುಚಿದೆ. ಕಿರುಚಿದ ಮೇಲೆ ಇನ್ನು ಹಗುರದ್ದನ್ನು ಹೇಗೆ ಕೊಳ್ಳೋದು? ಕೊಂಡರೆ ಅಣ್ಣನ ಕೈ ಸೊಟ್ಟ ಅಂತ ಒಪ್ಪಿಕೊಂಡ ಹಾಗೆ. ಲಂಗದ ಗಂಟು ಬಿಚ್ಚಿ ದುಡ್ಡನ್ನು ಹಲಗೆಯ ಮೇಲಿಟ್ಟು ಹೊಸದನ್ನು ಎತ್ತಿಕೊಂಡೆ. ಅಣ್ಣ ಹಳೇದನ್ನು ಇನ್ನೊಂದು ಸಲ ನೋಡಿದ, ಆಗಲಿ ಬಿಡಿ ಅಂದ. ಸಾಬರು ಒಂದು ಪುಟ್ಟ ಸೀಸೆ ಎಣ್ಣೆ ಕೊಟ್ಟು, ಎಣ್ಣೆ ಹಚ್ಚೋಕೆ ಮುಂಚೆ ಮನಸ್ಸು ಬದಲಾದರೆ ತನ್ನಿ, ಇದನ್ನ ತಗೊಂಡು ಅದನ್ನ ಕೊಡ್ತೀನಿ ಅಂದರು. ಹಚ್ಚೋದಾದರೆ ಮೂರು ತೊಟ್ಟು ಮೇಲೆ ಬೇಡ ಅಂತಲೂ ಅಂದರು.

ಅವತ್ತು ಸಾಯಂಕಾಲವೇ ಸೀಸೆ ಖಾಲಿ ಮಾಡಿದೆ. ಸೌದೆ ಅಟ್ಟಿಯ ಸಂದಿಯಲ್ಲಿ ಕೂತು, ಹೊರಗೆ ಅಪ್ಪ ಯಾರನ್ನೋ ಬೈಯುತ್ತಿರುವುದನ್ನು ಕೇಳುತ್ತ, ಅಂಗೈಯಲ್ಲಿ ಸುರಿದುಕೊಂಡು ಸುರಿದುಕೊಂಡು ತಿಕ್ಕಿದೆ. ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದೆ. ಮರ ಕುಡಿಯುತ್ತಲೇ ಇತ್ತು. ಕುಡಿದು ಕುಡಿದು ಇನ್ನೂ ಭಾರ ಆಯಿತು, ಅದು ಆಗ ನನಗೆ ಸಂತೋಷದ ವಿಷಯ. ಬ್ಯಾಟು ಬಚ್ಚಿಡೋಕೆ ನಮಗೆ ಜಾಗದ ಚಿಂತೆ ಇರಲಿಲ್ಲ, ಸಾವಿರ ಸೌದೆಯ ನಡುವೆ ಅದೂ ಒಂದು. ಹದಿನೈದು ದಿನ ಅಣ್ಣ ಹೊಲದಲ್ಲಿ ಅದನ್ನು ಹಿಡಿದು ಆಡಿದ. ಕೊನೇ ಗಳಿಗೆಯ ಆ ತಿರುವು ಬರಲಿಲ್ಲ. ಬ್ಯಾಟು ಬರೋ ಹೊತ್ತಿಗೆ ಚೆಂಡು ಹೋಗಿರುತ್ತಿತ್ತು. ಮಣಿಕಟ್ಟು ಊದಿಕೊಂಡು ಬದನೆಕಾಯಿ ಆಯಿತು. ಸಂಜೆ ನಾನೇ ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಿಸಿ ಮಾಡಿ ಶಾಖ ಕೊಡುತ್ತಿದ್ದೆ. ಕೊಡುತ್ತ ಕೊಡುತ್ತ, ಬ್ಯಾಟು ಚೆನ್ನಾಗಿದೆ ಅಲ್ವಾ ಅಣ್ಣ ಅಂತ ಕೇಳುತ್ತಿದ್ದೆ, ಹಾಳಾದವಳು. ಚೆನ್ನಾಗಿದೆ ಕಣೆ, ಸ್ವಲ್ಪ ಅಭ್ಯಾಸ ಆಗಬೇಕು ಅನ್ನುತ್ತಿದ್ದ. ಒಂದೇ ಒಂದು ಸಲ ನನ್ನ ಮೇಲೆ ರೇಗಿದ್ದರೆ ಈ ವಯಸ್ಸಿನಲ್ಲಿ ನನಗೆ ನಿದ್ದೆ ಬರುತ್ತಿತ್ತೇನೋ.

ಆಡಿಸಿ ನೋಡುವ ದಿನ ಭಾನುವಾರ. ಅಣ್ಣನ ಹಿಂದೆ ನಾನೂ ನಡೆದು ಹೋಗಿ ಮೈದಾನದ ತಂತಿ ಬೇಲಿಯ ಹೊರಗೆ ನಿಂತೆ. ಎಸೆಯೋಕೆ ಒಬ್ಬ ಧಡಿಯನನ್ನು ನಿಲ್ಲಿಸಿದ್ದರು. ಅವನು ಓಡಿ ಬರೋದನ್ನು ನೋಡಿದರೆ ಯಾರನ್ನೋ ಕೊಲ್ಲೋಕೆ ಬರುವ ಹಾಗಿತ್ತು. ಮೊದಲನೆಯದಕ್ಕೆ ಅಣ್ಣನ ಬ್ಯಾಟು ತಡವಾಗಿ ಬಂತು. ಎರಡನೆಯದಕ್ಕೂ. ಮೂರನೆಯದು ನೆಲಕ್ಕೆ ಬಿದ್ದು ಎದ್ದದ್ದು ನನಗೆ ಕಾಣಲೇ ಇಲ್ಲ, ಸದ್ದು ಮಾತ್ರ ಕೇಳಿಸಿತು. ಬ್ಯಾಟಿನ ಸದ್ದಲ್ಲ. ಅಣ್ಣ ಮೊಣಕಾಲೂರಿ ಕೂತು ಬಾಯಿಗೆ ಕೈ ಹಿಡಿದ, ಬೆರಳ ಸಂದಿಯಿಂದ ರಕ್ತ ಅಂಗಿಯ ಮೇಲೆ ಸುರಿಯಿತು. ಯಾರೋ ನೀರು ತಂದರು. ಅವನು ಉಗಿದು, ಮತ್ತೆ ಎದ್ದು ನಿಂತು, ಇನ್ನೂ ಎರಡು ಚೆಂಡು ಎದುರಿಸಿದ. ಐದನೆಯದಕ್ಕೆ ಹಿಂದಿನ ಕಡ್ಡಿ ಬಿತ್ತು. ದೊರೆ ಕೈಯಲ್ಲಿದ್ದ ಕಾಗದ ನೋಡಿ ಮುಂದಿನವನ ಹೆಸರು ಕರೆದ. ಬೇಲಿಯ ಹತ್ತಿರ ಬಂದು ಅಣ್ಣ ತಂತಿಯ ನಡುವೆ ಕೈ ತೂರಿಸಿ ನನ್ನ ಅಂಗೈಗೆ ಎರಡು ಹಲ್ಲು ಹಾಕಿದ. ಗಂಟಲ್ಲಿ ಇಟ್ಕೋ ಅಂದ. ಹನ್ನೆರಡು ರೂಪಾಯಿ ಇದ್ದ ಅದೇ ಲಂಗದ ತುದಿಗೆ ಕಟ್ಟಿಕೊಂಡೆ.

ನಾವು ಮನೆ ಮುಟ್ಟಿದಾಗ ನಡುಮಧ್ಯಾಹ್ನ. ಬ್ಯಾಟು ಬಚ್ಚಿಡಬೇಕು ಅನ್ನೋದು ಇಬ್ಬರಿಗೂ ಮರೆತೇ ಹೋಗಿತ್ತು. ಅಪ್ಪ ತಕ್ಕಡಿ ಹತ್ತಿರ ನಿಂತು ಯಾರಿಗೋ ಸೌದೆ ತೂಗುತ್ತಿದ್ದ. ಅಣ್ಣನ ಮುಖ ನೋಡಿದ, ಅಂಗಿ ನೋಡಿದ, ಆಮೇಲೆ ಬ್ಯಾಟು ನೋಡಿದ. ಎಲ್ಲಿಂದ ಕದ್ದೆ ಅಂತ ಕೇಳಿದ. ಅಷ್ಟು ಹೊತ್ತಿಗೆ ಅಣ್ಣನ ಬಾಯಿ ಊದಿಕೊಂಡು ಮಾತಾಡೋ ಸ್ಥಿತಿಯಲ್ಲಿ ಇರಲಿಲ್ಲ. ಅಮ್ಮ ಒಳಗಿಂದ ಓಡಿ ಬಂದು ನಡುವೆ ನಿಂತು, ಕದ್ದಿದ್ದಲ್ಲ, ನನ್ನ ಚಕ್ಕೆ ದುಡ್ಡು, ನಾನು ಕೊಡಿಸಿದ್ದು ಅಂದಳು. ಅಪ್ಪ ಬಗ್ಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಸರ್ವೆ. ನಾನು ದೂರದಿಂದಲೇ ಗುರುತು ಹಿಡಿದೆ. ಮೊದಲನೇ ಏಟು ಅಮ್ಮನ ಬೆನ್ನಿಗೆ, ಎರಡನೆಯದು ಭುಜಕ್ಕೆ, ಅವಳು ಕೂತುಬಿಟ್ಟಳು. ಸೌದೆ ಒಡೆಯೋ ಆಳುಗಳು ಕೊಡಲಿ ಹಿಡಿದು ನಿಂತೇ ಇದ್ದರು, ಒಬ್ಬನೂ ಮುಂದೆ ಬರಲಿಲ್ಲ. ಮೂರನೇ ಏಟಿಗೆ ಕೈ ಮೇಲೆದ್ದಿತು, ಈ ಸಲ ತಲೆಯ ಕಡೆಗೆ. ಆಗ ಅಣ್ಣ ಬ್ಯಾಟು ಬೀಸಿದ. ಹದಿನೈದು ದಿನದಿಂದ ತಡವಾಗಿ ಬರುತ್ತಿದ್ದ ಬ್ಯಾಟು ಆಗ ಮಾತ್ರ ಸರಿಯಾದ ಹೊತ್ತಿಗೆ ಬಂತು. ಅಪ್ಪನ ಮುಂಗೈ ಮೇಲೆ ಬಿತ್ತು, ಒಣ ಸೌದೆ ಕಾಲಲ್ಲಿ ಮೆಟ್ಟಿ ಮುರಿದಾಗ ಬರುತ್ತಲ್ಲ, ಅದೇ ಸದ್ದು ಬಂತು. ಕೀಲು ಇಲ್ಲದ ಕಡೆ ಮಡಚಿಕೊಂಡಿತು ಕೈ. ಚರ್ಮ ಸೀಳಿಕೊಂಡು ಬಿಳಿ ಏನೋ ಹೊರಗೆ ಬಂದಿತ್ತು, ಮೊದಲು ಅದನ್ನು ಮರದ ಸಿಬಿರು ಅಂದುಕೊಂಡೆ.

ಅಪ್ಪ ಕೂಗಲಿಲ್ಲ. ಹಿಂದೆ ಹಿಂದೆ ಸರಿದು ತಕ್ಕಡಿಯ ತಟ್ಟೆಯ ಮೇಲೆ ಕೂತ, ತಟ್ಟೆ ನೆಲಕ್ಕೆ ಇಳಿಯಿತು. ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ, ಬೇರೆಯವರ ಕೈ ಅನ್ನೋ ಹಾಗೆ. ಅಣ್ಣ ಅಪ್ಪಾ ಅಂತ ಒಂದು ಹೆಜ್ಜೆ ಮುಂದಿಟ್ಟ. ಅಮ್ಮ ಕೂತಲ್ಲಿಂದಲೇ ಅವನ ಕಾಲು ಹಿಡಿದು ತಳ್ಳಿದಳು. "ಹೋಗಪ್ಪಾ, ನಿಲ್ಬೇಡ. ಎದ್ದರೆ ನಿನ್ನ ಕೊಂದೇ ಬಿಡ್ತಾನೆ. ಹೋಗು." ಅವನು ನನ್ನನ್ನು ನೋಡಿ ಏನೋ ಹೇಳೋಕೆ ಹೊರಟ, ಒಡೆದ ಬಾಯಿಂದ ಅದು ಮಾತಾಗಿ ಬರಲಿಲ್ಲ. ಬ್ಯಾಟನ್ನು ಅಲ್ಲೇ ಸೌದೆ ಅಟ್ಟಿಗೆ ಒರಗಿಸಿ, ಬಾಗಿಲು ದಾಟಿ ಕೆರೆ ರಸ್ತೆಗೆ ಇಳಿದ. ನಾನು ಹಿಂದೆ ಓಡಲಿಲ್ಲ. ಯಾಕೆ ಓಡಲಿಲ್ಲ ಅಂತ ಕೇಳಬೇಡಿ. ಸಂಜೆಗೆ ಬರ್ತಾನೆ ಅಂದುಕೊಂಡೆ.

ಅಪ್ಪನ ಕೈಗೂ ಆ ಮೂಳೆ ಕಟ್ಟೋರೇ ಬಂದರು, ಅದೇ ಮೊಟ್ಟೆ, ಅದೇ ಬಿದಿರು ದಬ್ಬೆ. ಅದೂ ಸೊಟ್ಟಗೇ ಕೂಡಿಕೊಂಡಿತು. ಕೊಡಲಿ ಎತ್ತೋಕೆ ಆಗಲಿಲ್ಲ ಮತ್ತೆ. ಹೊಡೆಯೋದು ಅವತ್ತೇ ನಿಂತಿತು ಅಂತ ಬರೆಯಲು ನನಗೂ ಆಸೆ, ಆದರೆ ಸುಳ್ಳು. ಎರಡು ಮೂರು ಸಲ ಎಡಗೈಯಲ್ಲಿ ಪ್ರಯತ್ನಪಟ್ಟ, ಗುರಿ ತಪ್ಪಿ ಗೋಡೆಗೆ ಬಿತ್ತು, ಆಮೇಲೆ ತಾನೇ ಬಿಟ್ಟ. ಡಿಪೋ ಅಮ್ಮನ ಕೈಗೆ ಬಂತು. ಸೌದೆಗೆ ನೀರು ಹಾಕೋದು ಬೇಡ ಅಂತ ಅವಳು ನನಗೆ ಮೊದಲ ದಿನವೇ ಹೇಳಿದಳು. ಮನೆ ಎಷ್ಟು ನಿಶ್ಶಬ್ದ ಆಯಿತು ಅಂದರೆ ತೊಗಟೆ ಒಳಗಿನ ಹುಳ ಮರ ಕೊರೆಯೋದು ಕೇಳಿಸುತ್ತಿತ್ತು. ನಂಜುಂಡಣ್ಣ ದಂಡಿಗೆ ಹೋಗಿ ಮಿಲ್ಟ್ರಿ ಸೇರಿದ ಅಂತ ಗಾಡಿಯವರೊಬ್ಬರು ಬಂದು ಹೇಳಿದರು. ಕಾರ್ಖಾನೆಯವರು ಐದು ಚೆಂಡು ಹಾಕಿ ನೋಡಿದ್ದರು, ಇವರು ಮಣಿಕಟ್ಟನ್ನೂ ನೋಡಲಿಲ್ಲವಂತೆ, ಕೈಕಾಲು ಇದೆ ತಾನೆ ಅಂತ ತಗೊಂಡರಂತೆ. ಬರ್ಮಾ ಕಡೆಯ ರೈಲಿಗೆ ಹತ್ತಿಸಿ ಕಳಿಸಿದರು ಅಂದರು.

ಬ್ಯಾಟು ಒರಗಿಸಿದ ಕಡೆಯೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೋಡಿದರೆ ಅಪ್ಪ ಅದನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದ. ಆಮೇಲೆ ಎಡಗೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ ನೋಡಿ, ಎತ್ತಿ ಇಳಿಸಿ ಮಾಡಿದ. ನಾನು ಹೆದರಿ ನಿಂತೆ.

"ಭಾರ ಜಾಸ್ತಿ ಆಯ್ತು ಇದು," ಅಂದ. "ಅವನ ಕೈಗೆ ಆಗೋದಲ್ಲ. ಯಾರು ಆರಿಸಿದ್ದು?"

ಅವನ ಕೈಗೆ ಅಂದ ನೋಡಿ. ಆ ಕೈ ಮುರಿದು ಮೂರು ವರ್ಷದಲ್ಲಿ ಮೊದಲ ಸಲ ಅದರ ಮಾತು ಎತ್ತಿದ್ದು. ನಾನೇ ಅಂದೆ. ಹಗುರದ್ದು ಇರಲಿಲ್ಲವಾ ಅಂತ ಕೇಳಿದ. ಇತ್ತು ಅಂದೆ. ಬೈಯುತ್ತಾನೆ, ಹೊಡೆಯುತ್ತಾನೆ ಅಂತ ಕಾದೆ. ಹೊಡೆಯಲಿ ಅಂತಲೇ ಕಾದೆ. ಅವನು ಬ್ಯಾಟನ್ನು ಇದ್ದ ಕಡೆಯೇ ಒರಗಿಸಿ, ನಾನೇ ಅಲ್ವಾ ನಿಂಗೆ ಕಲಿಸಿದ್ದು ಅಂದು ಒಳಗೆ ಹೋದ.

ಯುದ್ಧ ಮುಗಿಯೋಕೆ ಇನ್ನೂ ಮುಂಚೆ ಸರ್ಕಾರದ ಕವರು ಬಂತು. ಪೋಸ್ಟಿನವರು ಬಾಗಿಲಲ್ಲೇ ನಿಂತು ಓದಿ ಹೇಳಿದರು, ಎರಡೇ ಸಾಲು. ಹೆಣ ಇಲ್ಲ, ಬೂದಿ ಇಲ್ಲ, ಮಣ್ಣು ಎಲ್ಲಿ ಮಾಡಿದರು ಅಂತಲೂ ಇಲ್ಲ. ದೂರದ ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಅಷ್ಟೇ ಉಳಿದಿದ್ದು ನಮಗೆ. ಅಮ್ಮ ಅಳದೆ ಅಂಗಳಕ್ಕೆ ಬಂದಳು. ಸುತ್ತ ನೂರಾರು ಮಣ ಸೌದೆ, ಅದರಲ್ಲಿ ಒಂದು ಕಡ್ಡಿಯನ್ನೂ ಮುಟ್ಟದೆ ಬ್ಯಾಟನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ತೂರಿಸಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸುಮಾರು ಹೊತ್ತು ಅದು ಹತ್ತಲಿಲ್ಲ. ಆಮೇಲೆ ನಾನು ಕುಡಿಸಿದ್ದ ಎಣ್ಣೆ ಒಳಗಿಂದ ಕುದಿದು ಮೇಲೆ ಬಂದು, ಚುಂಯ್ ಅಂತ ಹತ್ತಿಕೊಂಡಿತು. ಆ ವಾಸನೆ ಬಚ್ಚಲು ತುಂಬಿ, ಅಂಗಳ ತುಂಬಿ, ರಸ್ತೆಯವರೆಗೂ ಹೋಯಿತು. ಅದರ ಮುಂದೆ ಕೂತಾಗ ನನ್ನ ಲಂಗದ ಗಂಟಿನಲ್ಲಿ ಆ ಎರಡು ಹಲ್ಲು ಇದ್ದವು. ಅಮ್ಮ ಕೈ ಚಾಚಿದಳು, ಕೊಟ್ಟೆ, ಅವನ್ನೂ ಹಾಕಿದಳು. ಮಗನನ್ನು ಸುಟ್ಟಿದ್ದು ಹಾಗೆ ನಾವು.

ಡಿಪೋ ಇದ್ದ ಜಾಗದಲ್ಲಿ ಈಗ ಜಿಮ್ ಇದೆ, ಹುಡುಗರು ದುಡ್ಡು ಕೊಟ್ಟು ಭಾರ ಎತ್ತುತ್ತಾರೆ. ತಕ್ಕಡಿ ಯಾವ ಗುಜರಿಗೆ ಹೋಯಿತೋ. ಅಪ್ಪ, ಅಮ್ಮ ಇಬ್ಬರೂ ಹೋಗಿ ಎಷ್ಟೋ ಕಾಲ ಆಯಿತು. ಆ ದಿನದ ನೀರು ಮಾತ್ರ ಇನ್ನೂ ನನ್ನ ತಲೆಯ ಮೇಲಿದೆ. ಕುದಿಯಲಿಲ್ಲ ಅದು, ಬೆಚ್ಚಗಾಯಿತು, ಮೂವರಿಗೂ ಸಾಕಾಯಿತು. ಅಮ್ಮನದು ಆದಮೇಲೆ ಅಪ್ಪ ನನ್ನನ್ನು ಕೂರಿಸಿ, ಎಡಗೈಯಲ್ಲಿ ಚೊಂಬು ಹಿಡಿದು, ಸೊಟ್ಟ ಬಲಗೈಯನ್ನು ನನ್ನ ನೆತ್ತಿಯ ಮೇಲಿಟ್ಟು ನಿಧಾನವಾಗಿ ಸುರಿದ. ಹಗುರದ್ದನ್ನು ಕೊಂಡಿದ್ದರೆ ಮೂರು ಜನಕ್ಕೆ ನೀರು ಕಾಯುತ್ತಿರಲಿಲ್ಲ. ಕೊಂಡಿದ್ದರೆ ಅವತ್ತು ನೀರು ಕಾಯಿಸೋದೇ ಬೇಕಿರಲಿಲ್ಲ.